ಸ್ವಾತಂತ್ರ್ಯಕ್ಕೆ ಮುಂಚಿನ ಸ್ವಾತಂತ್ರ್ಯ ದಿನ

ರಾಷ್ಟ್ರವೊಂದು ಬಿಡುಗಡೆಯ ಹಬ್ಬವನ್ನು ಬಿಡುಗಡೆಯಾದ ತರುವಾಯ ಆಚರಿಸುವುದು ಲೋಕರೂಢಿ. ಭಾರತೀಯರಾದರೋ ಪರಾಧೀನರಾಗಿದ್ದಾಗಲೇ ಸ್ವಾತಂತ್ರ್ಯ ದಿನವನ್ನು ಆಚರಿಸತೊಡಗಿದರೆಂಬುದು ನಮ್ಮ ಇತಿಹಾಸದ ಅತ್ಯಂತ ಧೀರ ಸಂಗತಿಗಳಲ್ಲೊಂದೆಂದು ನಾನು ಭಾವಿಸುತ್ತೇನೆ. 1929ರ ಡಿಸೆಂಬರಿನಲ್ಲಿ ಜವಾಹರಲಾಲ ನೆಹರೂ ಅವರ ಅಧ್ಯಕ್ಷತೆಯಲ್ಲಿ ಲಾಹೋರಿನಲ್ಲಿ ನೆರೆದ ಕಾಂಗ್ರೆಸ್ ಅಧಿವೇಶನವು ಪೂರ್ಣ ಸ್ವರಾಜ್ಯವೇ ತನ್ನ ಗುರಿಯೆಂದು ನಿರ್ಣಯಿಸಿ, ವರ್ಷಾಂತ್ಯದ ನಡುರಾತ್ರಿಯಲ್ಲಿ ರಾವೀ ನದಿಯ ತೀರದಲ್ಲಿ ತ್ರಿವರ್ಣ ಧ್ವಜವನ್ನೇರಿಸಿದ ಬಳಿಕ, 1930ರ ಜನವರಿ 26ರ ಭಾನುವಾರದಂದು ಊರೂರುಗಳಲ್ಲಿ ಜನರು ಕೂಡಿ ತಂತಮ್ಮ ಭಾಷೆಗಳಲ್ಲಿ ಪ್ರತಿಜ್ಞೆಯನ್ನು ಸ್ವೀಕರಿಸಿದರು. ಅಂದು ಭಾಷಣಗಳು ಬೇಡವೆಂದೂ, ನೂಲುವುದು, ಅಸ್ಪೃಶ್ಯರೆನಿಸಿದವರ ಸೇವೆ, ಹಿಂದೂ ಮುಸಲ್ಮಾನರ ಸೌಹಾರ್ದ ಮೊದಲಾದ ಕಾರ್ಯಗಳಲ್ಲಿ ದಿನವನ್ನು ಕಳೆಯಬೇಕೆಂದೂ ಗಾಂಧೀಜಿ ಸೂಚಿಸಿದ್ದರು. ಉತ್ಸವವನ್ನು ವ್ರತವಾಗಿಸಿದ ಆ ವಿವೇಕಕ್ಕೆ ಎಣೆಯಿಲ್ಲ.

ಕಡೆಗೆ ಸ್ವಾತಂತ್ರ್ಯ ಬಂದ ಆಗಸ್ಟ್ 15 ಆದರೋ ಜಪಾನಿನ ಶರಣಾಗತಿಯ ನೆನಪಿಗಾಗಿ ವೈಸರಾಯ್ ಮೌಂಟ್‌ಬ್ಯಾಟನ್ ಆರಿಸಿದ ದಿನ. ಅಂದು ಕನ್ನಡಿಗರೆಲ್ಲರಿಗೂ ಬಿಡುಗಡೆ ಸಮನಾಗಿ ಒದಗಲಿಲ್ಲ: ಮೈಸೂರಿನ ಪ್ರಜೆಗಳು ಜವಾಬ್ದಾರಿ ಸರ್ಕಾರಕ್ಕಾಗಿ ಸೆಪ್ಟೆಂಬರಿನಲ್ಲಿ ಮತ್ತೆ ಸತ್ಯಾಗ್ರಹ ಹೂಡಬೇಕಾಯಿತು, ಬೀದರ, ಕಲಬುರಗಿ, ರಾಯಚೂರು ಸೀಮೆಗಳು 1948ರ ಸೆಪ್ಟೆಂಬರಿನವರೆಗೆ ನಿಜಾಮನ ಆಳ್ವಿಕೆಯಲ್ಲಿಯೇ ಉಳಿದವು. ಜನವರಿ 26ರ ಆ ಪ್ರತಿಜ್ಞೆ ಮರೆಯಾಗಬಾರದೆಂದೇ, 1949ರ ನವೆಂಬರಿನಲ್ಲಿ ಅಂಗೀಕೃತವಾದ ಸಂವಿಧಾನವು ಎರಡು ತಿಂಗಳು ಕಾದು, 1950ರಲ್ಲಿ ಅದೇ ದಿನ ಪೂರ್ಣವಾಗಿ ಜಾರಿಗೆ ಬಂದಿತು.