ನೊಂದ ಕಾಲಿಗೆ ಎಷ್ಟು ಕೆಲಸ?

ಆಟವಾಡುವಾಗ ಮಂಡಿ ಉಳುಕಿದರೆ, ಹಿಮ್ಮಡಿ ನೊಂದರೆ, ಮೊದಲು ಸಿಗುವ ಸಲಹೆ ಸುಮ್ಮನೆ ಕೂರಿ ಎಂಬುದು. ಇದು ಅನಾದಿಕಾಲದ ವಿವೇಕವೆಂದು ಹಲವರ ನಂಬಿಕೆ. ಆದರೆ ವಿಶ್ರಾಂತಿ ಆಧುನಿಕ ವೈದ್ಯದ ಸಿದ್ಧಾಂತವಾಗಿ ಪಟ್ಟಕ್ಕೇರಿದ್ದು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ. ಲಂಡನ್ನಿನ ಗೈಸ್ ಆಸ್ಪತ್ರೆಯ ಜಾನ್ ಹಿಲ್ಟನ್ 1863ರಲ್ಲಿ ವಿಶ್ರಾಂತಿಯೇ ಪರಮೌಷಧವೆಂದು ವಾದಿಸುವ ಪುಸ್ತಕ ಬರೆದರು. ಲಿವರ್‌ಪೂಲಿನ ಹ್ಯೂ ಓವನ್ ಥಾಮಸ್, ಗಾಯಗೊಂಡ ಕೀಲನ್ನು ದೀರ್ಘಕಾಲ ಒಂದಿಷ್ಟೂ ಅಲುಗಿಸಬಾರದೆಂದು ಪಟ್ಟು ಹಿಡಿದರು. ಅವರ ಹೆಸರಿನ ಆಸರೆಪಟ್ಟಿ (ಸ್ಪ್ಲಿಂಟ್) ಮೊದಲ ಮಹಾಯುದ್ಧದಲ್ಲಿ ತೊಡೆಮೂಳೆ ಮುರಿದ ಎಷ್ಟೋ ಸೈನಿಕರ ಜೀವ ಉಳಿಸಿತು. ಮೂಳೆ ಮುರಿದಾಗ ಗೆದ್ದ ಈ ನಿಯಮವನ್ನು ಉಳುಕಿಗೂ ಸ್ನಾಯುನೋವಿಗೂ ಹಾಗೆಯೇ ಎಳೆದು ತಂದದ್ದರಿಂದ ತೊಡಕು ಶುರುವಾಯಿತು.

ಇದಕ್ಕೆ ಎದುರು ನಿಂತವರು ಪದವಿಯಿಲ್ಲದ ಕಸುಬುದಾರರು. ಮೈಸೂರು ದಸರೆಯ ವಜ್ರಮುಷ್ಟಿ ಕಾಳಗದ ಜಟ್ಟಿಗಳು ತಪ್ಪಿದ ಕೀಲು ಕೂಡಿಸುವುದರಲ್ಲೂ ಹೆಸರಾಗಿದ್ದಂತೆ, ಇಂಗ್ಲೆಂಡಿನಲ್ಲೂ ಮೂಳೆ ಕೂಡಿಸುವ ಮನೆತನಗಳಿದ್ದವು. ಸ್ವತಃ ಥಾಮಸ್ ಹುಟ್ಟಿದ್ದೇ ಅಂಥ ಮನೆಯಲ್ಲಿ. ವಾರ್ಟನ್ ಹುಡ್ ಎಂಬ ವೈದ್ಯರು ರಿಚರ್ಡ್ ಹಟನ್ ಎಂಬ ಕಸುಬುದಾರನ ಬಳಿ ಕಲಿತು, ಆ ವಿದ್ಯೆಯ ಗುಟ್ಟನ್ನು 1871ರಲ್ಲಿ ಪ್ರಕಟಿಸಿದರು. ಕಟ್ಟಿನಲ್ಲೇ ಇದ್ದು ಬಿಗಿದುಹೋದ ಕೀಲನ್ನು ಮತ್ತೆ ಆಡಿಸುವುದೇ ಹಟನ್‌ನ ಕೈಗುಣದ ಬಹುಪಾಲು. ಇವರಿಂದ ಕೈಕಾಲು ಕಳೆದುಕೊಂಡವರೂ ಇಲ್ಲವೇ ಎಂಬ ಆಕ್ಷೇಪ ನಿಜವೇ. ಯಾವ ಕೀಲನ್ನು ಮುಟ್ಟಬಾರದೆಂದು ತಿಳಿಯುವ ರೋಗನಿದಾನ ಅವರಲ್ಲಿರಲಿಲ್ಲ. ಚಲನೆ ಬೇಕೆಂಬುದು ಅವರಿಗೆ ಗೊತ್ತಿತ್ತು, ಎಷ್ಟು ಬೇಕೆಂಬ ಅಳತೆ ಗೊತ್ತಿರಲಿಲ್ಲ.

ಆ ಅಳತೆಗೋಲು ಸಿಕ್ಕಿದ್ದು ಎರಡನೆಯ ಮಹಾಯುದ್ಧದ ಕೊನೆಯಲ್ಲಿ, ಷಿಕಾಗೋದ ಗಾರ್ಡಿನರ್ ಸೇನಾ ಆಸ್ಪತ್ರೆಯಲ್ಲಿ. ಅಲ್ಲಿನ ವೈದ್ಯ ಥಾಮಸ್ ಡಿಲೋರ್ಮ್ ಹದಿಹರೆಯದಲ್ಲಿ ರುಮ್ಯಾಟಿಕ್ ಜ್ವರದಿಂದ ಹಾಸಿಗೆ ಹಿಡಿದು, ಆಮೇಲೆ ಭಾರ ಎತ್ತಿಯೇ ಮೈ ಕಟ್ಟಿಕೊಂಡವರು. ಮಂಡಿಗೆ ಪೆಟ್ಟಾಗಿ ತೊಡೆ ಸೊರಗಿದ ಸೈನಿಕರ ಪಾದಕ್ಕೆ ಅವರು ಕಬ್ಬಿಣದ ಬೂಟು ಕಟ್ಟಿ, ಕಾಲು ನೀಡಿಸಿ ಭಾರ ಎತ್ತಿಸಿದರು. 1945ರಲ್ಲಿ ಫಲಿತಾಂಶ ಪ್ರಕಟಿಸಿದರು. ಮುಂದೆ ಸಹೋದ್ಯೋಗಿ ವಾಟ್ಕಿನ್ಸ್ ಜೊತೆ ರೂಪಿಸಿದ ಕ್ರಮ ಸರಳ. ಒಬ್ಬ ಒಂದೇ ಸಮನೆ ಹತ್ತು ಸಲ ಎತ್ತಬಲ್ಲ ಗರಿಷ್ಠ ಭಾರ 10 ಕಿಲೋ ಆದರೆ, ಮೊದಲು 5 ಕಿಲೋ ಹತ್ತು ಸಲ, ಆಮೇಲೆ ಏಳೂವರೆ, ಕೊನೆಗೆ ಪೂರ್ತಿ 10. ಕಾಲು ಬಲಿತಂತೆ ಗರಿಷ್ಠವನ್ನು ಮತ್ತೆ ಅಳೆದು ಭಾರ ಏರಿಸುವುದು. ವ್ಯಾಯಾಮಕ್ಕೂ ಔಷಧಿಯಂತೆ ಪ್ರಮಾಣ ಬಂತು.

ಆದರೂ ಮೈದಾನದಲ್ಲಿ ವಿಶ್ರಾಂತಿಯ ಆಳ್ವಿಕೆ ಮುಗಿಯಲಿಲ್ಲ. 1978ರಲ್ಲಿ ಅಮೆರಿಕದ ಗೇಬ್ ಮರ್ಕಿನ್ ವಿಶ್ರಾಂತಿ, ಮಂಜುಗಡ್ಡೆ, ಬಿಗಿಕಟ್ಟು, ಎತ್ತರದಲ್ಲಿಡುವುದು ಎಂಬ ನಾಲ್ಕು ಸೂತ್ರಗಳನ್ನು 'ರೈಸ್' ಎಂಬ ಹೆಸರಿನಲ್ಲಿ ಜನಪ್ರಿಯಗೊಳಿಸಿದರು. ಮಂಜುಗಡ್ಡೆಯೂ ಪೂರ್ತಿ ವಿಶ್ರಾಂತಿಯೂ ಗುಣವಾಗುವುದನ್ನು ತಡಮಾಡಬಹುದೆಂದು ದಶಕಗಳ ನಂತರ ಅವರೇ ಬರೆದರು. ಅಷ್ಟರಲ್ಲಿ, 1998ರಲ್ಲಿ, ಸ್ವೀಡನ್ನಿನ ಹೊಕನ್ ಆಲ್ಫ್ರೆಡ್ಸನ್ ಹಿಮ್ಮಡಿಯ ಸ್ನಾಯುರಜ್ಜು ನೊಂದಿದ್ದ 15 ಹವ್ಯಾಸಿ ಓಟಗಾರರ ಅಧ್ಯಯನ ಪ್ರಕಟಿಸಿದ್ದರು. ಮೆಟ್ಟಿಲಂಚಿನಲ್ಲಿ ಮುಂಗಾಲೂರಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವುದು, ದಿನಕ್ಕೆರಡು ಹೊತ್ತು, 12 ವಾರ. ತಕ್ಕಮಟ್ಟಿನ ನೋವಿದ್ದರೂ ನಿಲ್ಲಿಸುವಂತಿರಲಿಲ್ಲ. ಹದಿನೈದೂ ಮಂದಿ ಮತ್ತೆ ಓಡಿದರು. ಹದಿನೈದು ಜನರಿಂದ ಏನು ಸಿದ್ಧವಾಗುತ್ತದೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ, ನಂತರದ ಅಧ್ಯಯನಗಳಲ್ಲಿ ಎಲ್ಲರಿಗೂ ಇಷ್ಟು ಗುಣ ಕಾಣಲಿಲ್ಲ. ಆದರೆ ನೊಂದ ಸ್ನಾಯುರಜ್ಜಿಗೆ ಹದವರಿತು ಭಾರ ಕೊಡಬೇಕೆಂಬ ತತ್ವವನ್ನು ಅವು ಅಲ್ಲಗಳೆಯಲಿಲ್ಲ. ಇಂದು ಫಿಸಿಯೋಥೆರಪಿಯಲ್ಲಿ ಅದೇ ರೂಢಿ.

ಮೂಳೆ ಮುರಿದಿದ್ದರೆ, ಸ್ನಾಯು ಪೂರ್ತಿ ಹರಿದಿದ್ದರೆ ಹ್ಯೂ ಓವನ್ ಥಾಮಸ್ ಹೇಳಿದ್ದೇ ಇಂದಿಗೂ ಮೊದಲ ಪಾಠ. ಆದ್ದರಿಂದ ತಪಾಸಣೆ ತಪ್ಪಿಸುವಂತಿಲ್ಲ. ಆದರೆ ಗಾಯವಾಯಿತೆಂದು ವ್ಯಾಯಾಮವನ್ನೇ ಕೈಬಿಡಬೇಕೆಂಬುದಕ್ಕೆ ಈ ಚರಿತ್ರೆಯಲ್ಲಿ ಆಧಾರವಿಲ್ಲ. ಎಷ್ಟು ವಾರ ನಿಲ್ಲಿಸಲಿ ಎಂಬುದರ ಜೊತೆಗೆ, ಈ ವಾರ ಯಾವುದನ್ನು, ಎಷ್ಟು ಮಾಡಲಿ ಎಂದೂ ವೈದ್ಯರನ್ನು ಕೇಳಿ.