ನಾಭಿತುಂಡಿಯೂ ಶಸ್ತ್ರಕರ್ಮವೂ

ಆಳಂದ ತಾಲ್ಲೂಕಿನ ಸರಸಂಬಾದಲ್ಲಾಗಲಿ ಮತ್ತೆಲ್ಲಿಯಾಗಲಿ, ಅಳುವ ಕೂಸಿನ ಹೊಕ್ಕುಳು ಉಬ್ಬಿತೆಂದರೆ ಹೆತ್ತವರ ಭಯವು ಒಂದೇ. ಈ ಉಬ್ಬನ್ನು ಸುಶ್ರುತಸಂಹಿತೆಯ ಶಾರೀರಸ್ಥಾನವು ‘ತುಂಡಿ’ಯೆಂದು ಕರೆದು, ವಾತಹರವಾದ ಸ್ನೇಹ, ಸ್ವೇದ, ಉಪನಾಹಗಳನ್ನು ವಿಧಿಸಿದೆ. ಹೊಕ್ಕುಳಬಳ್ಳಿಯನ್ನು ಸರಿಯಾಗಿ ಕೊಯ್ಯದಿರುವುದೇ ನಾಭಿವಿಕಾರಗಳಿಗೆ ಕಾರಣವೆಂದು ಚರಕಸಂಹಿತೆಯ ಮತವು.

ತೊಡೆಸಂದಿನ ಅಂತ್ರವೃದ್ಧಿಯನ್ನು ಅರ್ಧಚಂದ್ರಾಕಾರದ ಕಾದ ಶಲಾಕೆಯಿಂದ ಸುಡಲು ಅಂಜದ ಸುಶ್ರುತನು ಶಿಶುವಿನ ತುಂಡಿಗೆ ಶಸ್ತ್ರವನ್ನು ಹೇಳದಿರುವುದು ವಿಚಾರಾರ್ಹವು. ಈ ಸಂಯಮವನ್ನು ಆಧುನಿಕ ವೈದ್ಯವೂ ಸಮರ್ಥಿಸುವುದು; ಕಾರಣ ಮಾತ್ರ ಬೇರೆ. ಬಳ್ಳಿಯು ಹಾದುಬಂದ ಉದರಭಿತ್ತಿಯ ರಂಧ್ರವು ಮುಚ್ಚದೆ ಉಳಿದುದೇ ಈ ವ್ಯಾಧಿ, ಕೊಯ್ದವರ ತಪ್ಪಲ್ಲ. ಅದು ನಾಲ್ಕೈದು ವರ್ಷಗಳೊಳಗೆ ಬಹುಮಟ್ಟಿಗೆ ತಾನೇ ಮುಚ್ಚುವುದು. ನಾಣ್ಯವನ್ನಿಟ್ಟು ಬಟ್ಟೆ ಬಿಗಿಯುವುದರಿಂದ ಪ್ರಯೋಜನವಿಲ್ಲ, ಚರ್ಮಕ್ಕೆ ಹಾನಿಯುಂಟು.

ಮುಚ್ಚದ ರಂಧ್ರಕ್ಕೆ ಹೊಲಿಗೆಯೇ ಗತಿ. 1901ರಲ್ಲಿ ಅಮೆರಿಕದ ವಿಲಿಯಂ ಮೇಯೋ ಎಂಬಾತನು ಅಂಚಿನ ಮೇಲೆ ಅಂಚನ್ನಿಟ್ಟು ಹೊಲಿಯುವ ಕ್ರಮವನ್ನು ಪ್ರಕಟಿಸಿದನು; ಮಕ್ಕಳಲ್ಲಿ ಸಾಮಾನ್ಯವಾಗಿ ಅಂಚುಗಳನ್ನು ಕೂಡಿಸಿ ಹೊಲಿದರೆ ಸಾಕು. ಕಲಬುರಗಿಯಲ್ಲಿ 1963ರಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಸ್ಥಾಪಿತವಾಗಿ, ಶಸ್ತ್ರವಿದ್ಯೆಯ ಬೋಧನೆಯು ಈ ಸೀಮೆಗೇ ಬಂದಿತು.

ಉಬ್ಬು ಗಟ್ಟಿಯಾಗಿ, ಒಳಸೇರದೆ, ನೋವು ವಾಂತಿಗಳು ತೋರಿದರೆ ಕರುಳು ಸಿಕ್ಕಿಕೊಂಡಿರಬಹುದು. ಆಗ ಕ್ಷಣವೂ ಕಾಯತಕ್ಕುದಲ್ಲ. ಸುಶ್ರುತನ ಸಂಯಮವು ಎಳೆಯ ವರ್ಷಗಳಿಗೆ ಯುಕ್ತವು. ಈ ಲಕ್ಷಣಗಳು ಕಂಡಲ್ಲಿ ಅದೇ ಪ್ರಮಾದವು.