ತಪ್ಪಿದ ಭೋಕ

ಚಿಕ್ಕೋಡಿಯ ಹೊರವಲಯದಲ್ಲಿ ನನ್ನ ಸೋದರಮಾವನ ವೆಲ್ಡಿಂಗ್ ಶೆಡ್ ಇದೆ. ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಟ್ರೇಲರುಗಳನ್ನು ಅಲ್ಲಿ ಕಟ್ಟುತ್ತಾರೆ. ಪಿಯುಸಿ ರಜೆಯಲ್ಲಿ ಒಂದು ದಿನ ಎರಡು ಕಬ್ಬಿಣದ ಪಟ್ಟಿಗಳಿಗೆ ಡ್ರಿಲ್ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಜೋಡಿಸಲು ಹೋದರೆ ಒಂದರ ತೂತು ಇನ್ನೊಂದಕ್ಕೆ ಕೂಡಲಿಲ್ಲ. ಗುಂಡು ಅರದಿಂದ ಒಂದು ಬದಿ ತಿಕ್ಕಿ, ಬೋಲ್ಟ್ ತೂರಿಸಿ, ಮೇಲೆ ವಾಷರ್ ಇಟ್ಟು ಬಿಗಿದೆ. ತಪ್ಪು ಕಾಣದಂತಾಯಿತು. ಮಾವ ಬೆರಳಲ್ಲಿ ತಟ್ಟಿ ನೋಡಿ, "ಭೋಕ ಉದ್ದ ಮಾಡಿದ್ರ ಬೋಲ್ಟು ಹೊಕ್ಕತೈತಿ, ಕುಂದ್ರೂದಿಲ್ಲ" ಅಂದರು. ನಮ್ಮ ಗಡಿಭಾಗದಲ್ಲಿ ತೂತಿಗೆ ಭೋಕ ಎನ್ನುವುದುಂಟು. ಮರಾಠಿಯಿಂದ ಬಂದ ಮಾತು.

ಈಗ ನಾನು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಸಣ್ಣ ವರ್ಕ್‌ಶಾಪುಗಳ ಚರಿತ್ರೆಯ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಈ ಚರಿತ್ರೆ ಸಾಮಾನ್ಯವಾಗಿ ಲಕ್ಷ್ಮಣರಾವ್ ಕಿರ್ಲೋಸ್ಕರರಿಂದ ಶುರುವಾಗುತ್ತದೆ. 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅವರು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಆಮೇಲೆ ಕಬ್ಬಿಣದ ನೇಗಿಲಿಗೆ ಕೈಹಾಕಿದರು. 1910ರಲ್ಲಿ ಔಂಧ್ ಸಂಸ್ಥಾನದ ನೆಲದಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಕಬ್ಬಿಣ ತಾಗಿದರೆ ಮಣ್ಣು ವಿಷವಾಗುತ್ತದೆಂದು ರೈತರು ಮೊದಮೊದಲು ನೇಗಿಲನ್ನು ಮುಟ್ಟಲಿಲ್ಲವೆಂಬ ಕಥೆ ಈಗಲೂ ಚಾಲ್ತಿಯಲ್ಲಿದೆ. ಮರದ ನೇಗಿಲನ್ನು ಬಡಿಗ ಕೆತ್ತಿ ಕೂಡಿಸುತ್ತಿದ್ದ. ಕಬ್ಬಿಣದ ನೇಗಿಲಿನ ಭಾಗಗಳು ಬೋಲ್ಟಿನ ಮೇಲೆ ನಿಂತವು. ತೂತಿಗೆ ತೂತು ಕೂಡಬೇಕೆಂಬ ಹೊಸ ಶಿಸ್ತು ಹೊಲಕ್ಕೂ ಬಂತು.

ಇದೇ ಶಿಸ್ತು ಅತಿ ಕಠಿಣವಾಗಿ ಕಾಣುವುದು ವಿಮಾನದಲ್ಲಿ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್, ಮೈಸೂರು ಸರ್ಕಾರದ ಜೊತೆಗೂಡಿ, ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸ್ಥಾಪಿಸಿದರು. ಅಲ್ಲಿಂದ ಮೊದಲು ಹಾರಿದ್ದು ಅಮೆರಿಕದ ಹಾರ್ಲೋ ತರಬೇತಿ ವಿಮಾನ, 1941ರ ಆಗಸ್ಟಿನಲ್ಲಿ. ಹೊರಗಿನಿಂದ ಬಂದ ಭಾಗಗಳನ್ನು ಇಲ್ಲಿನ ಕೈಗಳು ಜೋಡಿಸಿದವು. ಹತ್ತು ವರ್ಷದ ನಂತರ, 1951ರ ಆಗಸ್ಟಿನಲ್ಲಿ, ಘಾಟಗೆಯವರ ತಂಡ ಇಲ್ಲಿಯೇ ವಿನ್ಯಾಸ ಮಾಡಿದ ಎಚ್‌ಟಿ-2 ಹಾರಿತು.

ತೆಳು ಅಲ್ಯೂಮಿನಿಯಂ ತಗಡಿಗೆ ಟ್ರೇಲರಿನಂತೆ ವೆಲ್ಡಿಂಗ್ ಹಾಕಿ ತೂತು ಮುಚ್ಚಲಾಗದು. ಶಾಖಕ್ಕೆ ಅದರ ಬಲವೇ ಹೋಗುತ್ತದೆ. ಸಾಲು ಸಾಲು ರಿವೆಟ್ಟುಗಳು ಭಾರ ಹಂಚಿಕೊಳ್ಳುತ್ತವೆ. ಒಂದು ತೂತು ಉದ್ದವಾದರೆ ಆ ರಿವೆಟ್ ಸಡಿಲಾಗಿ, ಅದರ ಪಾಲಿನ ಭಾರ ಪಕ್ಕದವಕ್ಕೆ ಬೀಳುತ್ತದೆ. 1954ರ ಜನವರಿಯಲ್ಲಿ ಎಲ್ಬಾ ದ್ವೀಪದ ಬಳಿ ಕಾಮೆಟ್ ವಿಮಾನ ಒಡೆದು 35 ಜನ ಸತ್ತರು. ಸಮುದ್ರದಿಂದ ಎತ್ತಿದ ಚೂರುಗಳನ್ನು ಕೂಡಿಸಿ ನೋಡಿದಾಗ, ಲೋಹದ ದಣಿವಿನಿಂದ ಹುಟ್ಟಿದ ಬಿರುಕು ಮೇಲ್ಭಾಗದ ಕಿಟಕಿಯ ಬಳಿಯ ತೂತಿನತ್ತ ಬೊಟ್ಟು ಮಾಡಿತು. ತೂತು ತಪ್ಪಿತ್ತು ಎಂದಲ್ಲ. ಆದರೆ ಬಿರುಕು ಹೊಂಚುವುದು ತೂತಿನ ಅಂಚಿನಲ್ಲೇ.

ಮನೆಯಲ್ಲೇ ಕಿಟ್ ತರಿಸಿ ವಿಮಾನ ಕಟ್ಟುವವರು ಇದನ್ನು ಮೊದಲ ವಾರದಲ್ಲೇ ಕಲಿಯುತ್ತಾರೆ. ಈಗಿನ ಅನೇಕ ಕಿಟ್‌ಗಳಲ್ಲಿ ಯಂತ್ರವೇ ತೂತು ಹಾಕಿ ಕಳಿಸುತ್ತದೆ. ಹಿಂದೆ ಎಲ್ಲವೂ ಕೈಯಿಂದಲೇ. ಜಾಣರು ಮೊದಲು ಸಣ್ಣ ತೂತು ಹಾಕಿ, ಎರಡೂ ತಗಡುಗಳನ್ನು ಕ್ಲೀಕೋ ಎಂಬ ಸ್ಪ್ರಿಂಗ್ ಪಿನ್ನುಗಳಿಂದ ಒಟ್ಟಿಗೆ ಹಿಡಿದು, ಆಮೇಲೆ ಪೂರ್ತಿ ಅಳತೆಗೆ ಕೊರೆಯುತ್ತಾರೆ. ಸಣ್ಣ ತೂತು ತಪ್ಪಿದರೆ ದೊಡ್ಡದು ಅದನ್ನು ನುಂಗುತ್ತದೆ. ಪೂರ್ತಿ ತೂತೇ ತಪ್ಪಿದರೆ ಎರಡನ್ನೂ ಕೂಡಿಸಿ ಮುಂದಿನ ಅಳತೆಗೆ ಮತ್ತೆ ದುಂಡಗೆ ಕೊರೆಯಬೇಕು: 3.2 ಮಿಲಿಮೀಟರಿನದು 4 ಆಗುತ್ತದೆ. ಅದಕ್ಕೂ ಎಲ್ಲೆಯಿದೆ. ತೂತಿನ ಮಧ್ಯದಿಂದ ತಗಡಿನ ಅಂಚಿಗೆ ರಿವೆಟ್ ವ್ಯಾಸದ ಎರಡು ಪಟ್ಟಾದರೂ ಜಾಗ ಇರಬೇಕೆಂಬುದು ರೂಢಿಯ ನಿಯಮ. ಏಳೇ ಮಿಲಿಮೀಟರ್ ಉಳಿದಿದ್ದರೆ 4ರ ರಿವೆಟ್ಟಿಗೆ ಎಂಟು ಸಿಗುವುದಿಲ್ಲ. ಆಗ ಒತ್ತಾಸೆಯ ತಗಡು ಸೇರಿಸಬೇಕು, ಇಲ್ಲವೇ ಇಡೀ ಭಾಗ ಬಿಸಾಕಿ ಹೊಸದು ಮಾಡಬೇಕು.

ಇಂದು ನಿಪ್ಪಾಣಿಯಿಂದ ಬೆಳಗಾವಿಗೆ ಹೋಗುವ ಹೆದ್ದಾರಿಯಲ್ಲಿ, ಹತ್ತರಗಿಯ ಬಳಿ, ದೊಡ್ಡ ವಿಮಾನಗಳ ಭಾಗಗಳು ತಯಾರಾಗುತ್ತವೆ. ನಮ್ಮ ಸೀಮೆಯ ಐಟಿಐ ಹುಡುಗರಿಗೆ ಈಗ ಅಳತೆಯೆಂದರೆ ಮಿಲಿಮೀಟರಿನ ನೂರನೆಯ ಭಾಗ.

ಇಷ್ಟೆಲ್ಲ ಓದಿದ ಮೇಲೆ ನನ್ನ ಪ್ರಬಂಧದ ಮೂರನೆಯ ಅಧ್ಯಾಯ ತೆರೆದೆ. ರಾಯಬಾಗದ ಹಿರಿಯ ಮೆಕ್ಯಾನಿಕ್ ಒಬ್ಬರು, ತಮ್ಮ ತಂದೆ ಯುದ್ಧಕಾಲದಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಕಲಿತು ಬಂದು ಶೆಡ್ ಹಾಕಿದರೆಂದು ಹೇಳಿದ್ದರು. ಯುದ್ಧವೇ ನಮ್ಮ ಮೆಕ್ಯಾನಿಕ್‌ಗಳನ್ನು ಹುಟ್ಟಿಸಿತೆಂಬ ನನ್ನ ವಾದಕ್ಕೆ ಅದೇ ಮುಖ್ಯ ಆಧಾರ. ಆಮೇಲೆ ಅದೇ ಮನೆಯ ಟ್ರಂಕಿನಲ್ಲಿ ತಂದೆಯ ಕೆಲಸದ ಚೀಟಿ ಸಿಕ್ಕಿತು. ಸೇರಿದ ವರ್ಷ 1951. ನಾನು ಏನು ಮಾಡಿದ್ದೆ? "ಸ್ವಾತಂತ್ರ್ಯದ ಆಸುಪಾಸಿನಲ್ಲಿ" ಎಂದು ಬರೆದಿದ್ದೆ. ಮಾತೂ ಹೊಕ್ಕಿತ್ತು, ಚೀಟಿಯೂ ಹೊಕ್ಕಿತ್ತು. ಅದು ಅದೇ ಗುಂಡು ಅರದ ಕೆಲಸ. "ಆಸುಪಾಸು" ನನ್ನ ವಾಷರ್.

ಮತ್ತೆ ರಾಯಬಾಗಕ್ಕೆ ಹೋಗಿ ಚೀಟಿಯನ್ನು ಅವರ ಮುಂದಿಟ್ಟೆ. "ಹಂಗಾರ ನಮ್ಮಪ್ಪ ಯುದ್ಧದಾಗ ಇರ್ಲಿಲ್ಲೇನು?" ಎಂದು ಕೇಳಿ ಬಹಳ ಹೊತ್ತು ಸುಮ್ಮನೆ ಕೂತರು. ಎಚ್‌ಟಿ-2 ಹಾರಿದ ವರ್ಷ ನಿಮ್ಮ ತಂದೆ ಅಲ್ಲಿ ಸೇರಿದ್ದರು ಎಂದೆ. ಅದು ಸಮಾಧಾನವಾಯಿತೋ ಇಲ್ಲವೋ, ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡರು.

ಅಧ್ಯಾಯದಿಂದ ಯುದ್ಧದ ವಾದವನ್ನು ತೆಗೆದಿದ್ದೇನೆ. ಹನ್ನೊಂದು ಪುಟ ಕಡಿಮೆಯಾಯಿತು, ಸಲ್ಲಿಸುವ ದಿನ ಮುಂದೆ ಹೋಯಿತು. ಈಗ ಅಲ್ಲಿ 1951 ಎಂದಷ್ಟೇ ಇದೆ.